‘ತಾರಾ’ ನಾಟಕದಲ್ಲಿ ತಾಯಿಯೊಬ್ಬಳೇ ತಪ್ಪಿತಸ್ಥೆಯೇ?

ಪ್ರಶ್ನೆ: ನಾನು ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಮಹೇಶ ದತ್ತಾನಿಯವರ ‘ತಾರಾ’ ನಾಟಕವನ್ನು ಈ ವರ್ಷ ತರಗತಿಯಲ್ಲಿ ಓದಿಸಿದೆ. ಮಕ್ಕಳು ಬಹಳ ಹಚ್ಚಿಕೊಂಡಿದ್ದಾರೆ, ವಾರ್ಷಿಕೋತ್ಸವಕ್ಕೆ ಕನ್ನಡದಲ್ಲಿ ಆಡೋಣ ಎನ್ನುತ್ತಾರೆ. ಆದರೆ ಪ್ರತಿ ಚರ್ಚೆಯೂ ‘ತಾಯಿನೇ ಮಗಳ ಕಾಲು ಕಸಗೊಂಡಳು, ಹೆಣ್ಣಿಗೆ ಹೆಣ್ಣೇ ವೈರಿ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಪ್ರಾಣಿಶಾಸ್ತ್ರದ ಸಹೋದ್ಯೋಗಿಯೊಬ್ಬರು, ಗಂಡು ಹೆಣ್ಣು ಅಂಟಿಕೊಂಡು ಹುಟ್ಟುವುದೇ ಇಲ್ಲ, ಸುಳ್ಳು ಕಥೆ ಯಾಕೆ ಎನ್ನುತ್ತಾರೆ. ಇನ್ನೊಬ್ಬರು, ಇದು ಮುಂಬೈ ಶ್ರೀಮಂತರ ಕಥೆ, ಸೇಡಂ, ಜೇವರ್ಗಿ ಕಡೆಯ ಪಾಲಕರಿಗೆ ಇದರಲ್ಲಿ ಏನಿದೆ ಎನ್ನುತ್ತಾರೆ. ಇಬ್ಬರು ಹುಡುಗಿಯರ ಮನೆಯಲ್ಲಿ ನಾಟಕಕ್ಕೇ ಒಪ್ಪಿಲ್ಲ. ಕೃತಕ ಕಾಲಿನ ನಡಿಗೆ ನಗೆಪಾಟಲಾದೀತೆಂಬ ಅಂಜಿಕೆಯೂ ಇದೆ. ಆಡಿಸಬೇಕೋ, ಬಿಡಬೇಕೋ? ಆಡಿಸುವುದಾದರೆ ಹೇಗೆ?

ಉತ್ತರ: ಮೇಡಂ, ಆಡಿಸಿ. ಆದರೆ ತಾಲೀಮು ಶುರುವಾಗುವ ಮೊದಲೇ ನಿಮ್ಮ ಮೊದಲನೆಯ ತೊಡಕನ್ನು ಬಿಡಿಸಿಕೊಳ್ಳಬೇಕು. ‘ತಾಯಿಯೇ ಕಾರಣ’ ಎಂಬ ತೀರ್ಪನ್ನು ತಲೆಯಲ್ಲಿಟ್ಟುಕೊಂಡು ನಾಟಕ ಕಟ್ಟಿದರೆ ನಾಟಕ ಏನು ಹೇಳುತ್ತಿದೆಯೋ ಅದಕ್ಕೆ ತದ್ವಿರುದ್ಧವಾದದ್ದನ್ನು ನೀವು ಕಲಬುರಗಿಯ ಪ್ರೇಕ್ಷಕರಿಗೆ ಹೇಳಿ ಕಳಿಸುತ್ತೀರಿ. ಮಿಕ್ಕ ತೊಂದರೆಗಳಿಗೆಲ್ಲ ಕೆಲಸದ ಉಪಾಯಗಳಿವೆ. ಇದೊಂದಕ್ಕೆ ಮಾತ್ರ ಓದಿನಲ್ಲೇ ಉತ್ತರ ಹುಡುಕಬೇಕು.

ನಾಟಕ ಓದದವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಕಥೆ ಇಷ್ಟು. ತಾರಾ ಮತ್ತು ಚಂದನ್ ದೇಹ ಅಂಟಿಕೊಂಡು ಹುಟ್ಟಿದ ಅವಳಿ ಮಕ್ಕಳು. ಇಬ್ಬರಿಗೂ ಸೇರಿ ಮೂರು ಕಾಲು. ಮೂರನೆಯ ಕಾಲಿಗೆ ರಕ್ತ ಹರಿಯುತ್ತಿದ್ದದ್ದು ಹೆಚ್ಚಾಗಿ ಹುಡುಗಿಯ ಕಡೆಯಿಂದ. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಹುಡುಗನಿಗೆ ಕೊಡುತ್ತಾರೆ. ಅದು ಅವನ ದೇಹದಲ್ಲಿ ಉಳಿಯುವುದಿಲ್ಲ, ಎರಡೇ ದಿನದಲ್ಲಿ ಕತ್ತರಿಸಬೇಕಾಗುತ್ತದೆ. ಕೊನೆಗೆ ಇಬ್ಬರಿಗೂ ಒಂದೊಂದೇ ಕಾಲು, ಒಂದೊಂದು ಕೃತಕ ಕಾಲು. ಈ ನಿರ್ಧಾರದ ಹಿಂದೆ ತಾಯಿ ಭಾರತಿ, ರಾಜಕೀಯದಲ್ಲಿ ದೊಡ್ಡ ಕೈಯಾಗಿದ್ದ ಅವಳ ತಂದೆ, ಮತ್ತು ಬೆಂಗಳೂರಿನಲ್ಲಿ ನರ್ಸಿಂಗ್ ಹೋಂ ಕಟ್ಟಲು ಜಾಗ ಬೇಕಾಗಿದ್ದ ಡಾಕ್ಟರ್ ಠಕ್ಕರ್ ಇದ್ದಾರೆ. ವರ್ಷಗಳ ಮೇಲೆ ಲಂಡನ್ನಿನಲ್ಲಿ ಕೂತ ಚಂದನ್ ‘ಡ್ಯಾನ್’ ಆಗಿ, ತೀರಿಹೋದ ತಂಗಿಯ ಕಥೆ ಬರೆಯಲು ಒದ್ದಾಡುತ್ತಾನೆ. ನಾಟಕ ಮೊದಲು ರಂಗಕ್ಕೆ ಬಂದದ್ದು 1990ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದಲ್ಲಿ, ‘ಟ್ವಿಂಕಲ್ ತಾರಾ’ ಎಂಬ ಹೆಸರಿನಿಂದ. ದತ್ತಾನಿ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು, 1998ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು.

ಈಗ ತಾಯಿಯ ವಿಷಯ. ನಿಮ್ಮ ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆ ಹಾಕಿ: ತಾಯಿ ಹೀಗೆ ಮಾಡಿದಳೆಂದು ನಮಗೆ ಹೇಳಿದವರು ಯಾರು? ಅಪ್ಪ ಪಟೇಲ್. ಯಾವಾಗ ಹೇಳಿದ? ಭಾರತಿಯ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿ, ಬಾಯಿ ತೆರೆಯಲಾರದ ಸ್ಥಿತಿಯಲ್ಲಿದ್ದಾಗ. ತನ್ನ ಬಾಯಿಂದ, ತನ್ನ ಕಾರಣಗಳೊಂದಿಗೆ ಆ ಕಥೆ ಹೇಳುವ ಅವಕಾಶ ಭಾರತಿಗೆ ನಾಟಕದಲ್ಲಿ ಸಿಗುವುದೇ ಇಲ್ಲ. ಪಟೇಲ್ ಹೇಳುವುದನ್ನೇ ಮತ್ತೊಮ್ಮೆ ಓದಿಸಿ. ಡಾಕ್ಟರರ ಜೊತೆ ಗುಟ್ಟಾಗಿ ಮಾತಾಡಿದ್ದು ಹೆಂಡತಿ ಮತ್ತು ಮಾವ, ತನ್ನನ್ನು ಕರೆಯಲಿಲ್ಲ ಎನ್ನುತ್ತಾನೆ. ಆದರೆ ವಿಷಯ ಅವನಿಗೆ ಗೊತ್ತಾಗಿತ್ತು, ಇನ್ನೂ ಗಟ್ಟಿಯಾಗಿ ವಿರೋಧಿಸಬೇಕಿತ್ತೇನೋ ಎಂದೂ ಅವನೇ ಹೇಳುತ್ತಾನೆ. ಅಂದರೆ ಗೊತ್ತಿದ್ದೂ ಸುಮ್ಮನಾದ. ಇಡೀ ನಾಟಕ ಮತ್ತೆ ಡ್ಯಾನ್ ಎಂಬ ಗಂಡುಮಗನ ನೆನಪಿನಿಂದ ಬರುತ್ತಿದೆ. ಅಪ್ಪ ಹೇಳಿದ್ದು, ಅದನ್ನು ಮಗ ಬರೆದದ್ದು. ಮಾತಿನ ಈ ದಾರಿ ಕಣ್ಣಿಗೆ ಬಿದ್ದರೆ ‘ಹೆಣ್ಣಿಗೆ ಹೆಣ್ಣೇ ವೈರಿ’ ಎಂಬ ತೀರ್ಪು ತಾನಾಗಿ ಸಡಿಲಾಗುತ್ತದೆ.

ಹಾಗಂತ ಭಾರತಿಯನ್ನು ನಿರಪರಾಧಿ ಮಾಡಲೂ ಹೋಗಬೇಡಿ. ಅವಳು ಆ ನಿರ್ಧಾರದಲ್ಲಿದ್ದಳು, ಆ ಪಾಪವನ್ನೇ ಹೊತ್ತು ಬದುಕುತ್ತಾಳೆ. ಮಗಳಿಗೆ ಹಾಲು ಕುಡಿ, ಮೈ ಹತ್ತಿಸಿಕೊ ಎಂದು ಬೆನ್ನು ಬೀಳುತ್ತಾಳೆ. ನೆರೆಮನೆಯ ರೂಪಾ ತಾರಾಳ ಗೆಳತಿಯಾಗಲಿ ಎಂದು ಆಕೆಗೆ ಆಸೆ ತೋರಿಸಿ ಒಲಿಸಿಕೊಳ್ಳುತ್ತಾಳೆ. ಮಗಳ ಕಿಡ್ನಿ ಕೈಕೊಟ್ಟಾಗ ತನ್ನದೇ ಕೊಡುತ್ತೇನೆಂದು ಹಟ ಹಿಡಿಯುತ್ತಾಳೆ, ಗಂಡ ಬೇಡ ಎನ್ನುತ್ತಾನೆ. ತಾರಾಳನ್ನು ದ್ವೇಷಿಸಿದವರು ಆ ಮನೆಯಲ್ಲಿ ಯಾರೂ ಇಲ್ಲ. ನಾಟಕದ ನಿಜವಾದ ಭಯ ಇರುವುದು ಅಲ್ಲಿ. ಮಗಳನ್ನು ಪ್ರೀತಿಸುವ ಮನೆಯಲ್ಲೇ, ಆರಿಸುವ ಹೊತ್ತು ಬಂದಾಗ, ಯಾರ ಕೈಯೂ ನಡುಗದೆ ಮಗನ ಕಡೆಗೆ ತಕ್ಕಡಿ ವಾಲುತ್ತದೆ.

ತಾಯಿಯೊಬ್ಬಳ ಮೇಲೆ ಹೊರೆ ಹೊರಿಸುವ ಈ ಚಟ ಎಷ್ಟು ಹಳೆಯದೆಂದು ಕಾನೂನಿಗೂ ಗೊತ್ತಿತ್ತು. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ 1994ರದು, 1996ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ 24ನೇ ಕಲಂ ಓದಿ ನೋಡಿ. ಗರ್ಭಿಣಿ ಇಂಥ ಪರೀಕ್ಷೆಗೆ ಒಳಗಾದರೆ, ಬೇರೆಯದು ಸಾಬೀತಾಗುವ ತನಕ, ಗಂಡನೋ ಬಂಧುಗಳೋ ಅವಳ ಮೇಲೆ ಒತ್ತಡ ಹಾಕಿದ್ದಾರೆಂದೇ ನ್ಯಾಯಾಲಯ ಭಾವಿಸಬೇಕು. ಕಾಯ್ದೆ ಬರುವ ನಾಲ್ಕು ವರ್ಷ ಮೊದಲೇ ಬಂದ ನಾಟಕ ಇದು. ತರಗತಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿದರೆ ಹುಡುಗರೇ ವಾದ ಮಾಡತೊಡಗುತ್ತಾರೆ: ಭಾರತಿಗೆ ತಂದೆಯ ಮಾತು ಮೀರುವ ದಾರಿ ಇತ್ತೇ? ಹಣ ಯಾರದು? ಡಾಕ್ಟರನಿಗೆ ಜಾಗ ಕೊಡಿಸುವ ತಾಕತ್ತು ಯಾರಿಗಿತ್ತು?

ಇದನ್ನು ರಂಗದ ಮೇಲೆ ತೋರಿಸಲು ಭಾಷಣ ಬೇಕಿಲ್ಲ, ದತ್ತಾನಿಯವರ ರಂಗವಿನ್ಯಾಸವೇ ಸಾಕು. ಅವರು ಮೂರು ಮಟ್ಟದ ರಂಗ ಕೇಳುತ್ತಾರೆ. ಕೆಳಗೆ ಪಟೇಲರ ಮನೆ, ಅದಕ್ಕಿಂತ ಮೇಲೆ ಲಂಡನ್ನಿನಲ್ಲಿ ಡ್ಯಾನ್‌ನ ಕೋಣೆ, ಎಲ್ಲಕ್ಕಿಂತ ಮೇಲೆ ಎತ್ತರದ ಬೆನ್ನಿನ ಕುರ್ಚಿಯಲ್ಲಿ ಡಾಕ್ಟರ್ ಠಕ್ಕರ್. ಡಾಕ್ಟರ್ ನಾಟಕದುದ್ದಕ್ಕೂ ಅಲ್ಲೇ ಇರುತ್ತಾನೆ. ಕಾಲೇಜು ನಾಟಕಗಳಲ್ಲಿ ಮೊದಲು ಕತ್ತರಿ ಬೀಳುವುದು ಈ ಕುರ್ಚಿಗೇ, ‘ಸುಮ್ಮನೆ ಕೂತ ಪಾತ್ರ ಯಾಕೆ’ ಎಂದು. ದಯವಿಟ್ಟು ತೆಗೆಯಬೇಡಿ. ಮನೆಯಲ್ಲಿ ತಾಯಿ ಮಗಳು ಜಗಳವಾಡುವಾಗ ತಲೆಯ ಮೇಲೆ ಅವನು ಕೂತಿರುವುದು ಕಾಣುತ್ತಿದ್ದರೆ ತಪ್ಪು ಎಷ್ಟು ಕೈ ದಾಟಿ ಬಂದಿದೆ ಎಂಬುದನ್ನು ಪ್ರೇಕ್ಷಕ ಮರೆಯಲಾರ.

ಕಾಲೇಜಿನ ಸಭಾಂಗಣದಲ್ಲಿ ಇದನ್ನು ಕಟ್ಟುವುದು ಕಷ್ಟವಲ್ಲ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಕಟ್ಟೆಗಳು ಶಾಮಿಯಾನದವರಲ್ಲಿ ಬಾಡಿಗೆಗೆ ಸಿಗುತ್ತವೆ. ಮನೆಗೆ ರಂಗದ ನೆಲವೇ ಸಾಕು. ಡ್ಯಾನ್‌ಗೆ ಒಂದು ಅಡಿ ಎತ್ತರದ ಕಟ್ಟೆ, ಮೇಲೆ ಸಣ್ಣ ಮೇಜು ಮತ್ತು ಟೈಪ್‌ರೈಟರ್. ಡಾಕ್ಟರನಿಗೆ ಎರಡೂವರೆಯಿಂದ ಮೂರು ಅಡಿ. ಮೂರು ಅಡಿ ದಾಟಿಸಬೇಡಿ, ಹಿಂದೆ ಕಟಾಂಜನ ಹಾಕಿಸಿ, ಕುರ್ಚಿಯ ಕಾಲು ಜಾರದಂತೆ ಕಟ್ಟೆಗೆ ಪಟ್ಟಿ ಹೊಡೆಸಿ. ಇಂಥ ಕಟ್ಟೆಗಳು ಕುಸಿಯುವುದು ಸಾಮಾನ್ಯವಾಗಿ ಭಾರಕ್ಕಲ್ಲ, ಕೆಳಗಿನ ಕಾಲುಗಳು ಅಡ್ಡಪಟ್ಟಿಯಿಲ್ಲದೆ ಓಲಾಡುವುದರಿಂದ. ಹಿಂದಿನ ದಿನ ಇಬ್ಬರು ಹುಡುಗರನ್ನು ನಿಲ್ಲಿಸಿ ಪಕ್ಕಕ್ಕೆ ತೂಗಾಡಿಸಿ ನೋಡಿ.

ಬೆಳಕಿಗೆ ಆರರಿಂದ ಎಂಟು ಎಲ್‌ಇಡಿ ಪಾರ್ ದೀಪ ಸಾಕು: ಮನೆಗೆ ನಾಲ್ಕು, ಡ್ಯಾನ್‌ಗೆ ಎರಡು, ಡಾಕ್ಟರನಿಗೆ ಒಂದು. ಡಾಕ್ಟರನ ದೀಪ ಪೂರ್ತಿ ಆರಬಾರದು, ಮಬ್ಬಾಗಿ ಉರಿಯುತ್ತಲೇ ಇರಲಿ. ಜನರೇಟರ್ ಮಾತಾಡಿಟ್ಟುಕೊಳ್ಳಿ, ಬೇಸಿಗೆಯಲ್ಲಂತೂ ಕರೆಂಟ್ ನಂಬಿ ಕೂರುವ ಹಾಗಿಲ್ಲ. ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಆಡಿಸುವುದಾದರೆ ಹಿಂದಿನ ದಿನವೇ ಅಲ್ಲೊಂದು ಪೂರ್ತಿ ತಾಲೀಮು ಆಗಬೇಕು. ತರಗತಿಯ ಕೋಣೆಯಲ್ಲಿ ಕೇಳಿದ ಧ್ವನಿ ಅಷ್ಟು ದೊಡ್ಡ ಸಭಾಂಗಣದ ಕೊನೆಯ ಸಾಲಿಗೆ ತಲುಪುವುದಿಲ್ಲ.

ನಿಮ್ಮ ಪ್ರಾಣಿಶಾಸ್ತ್ರದ ಸಹೋದ್ಯೋಗಿ ಹೇಳಿದ್ದು ಸರಿ. ದೇಹ ಅಂಟಿಕೊಂಡ ಅವಳಿಗಳು ಒಂದೇ ಅಂಡದಿಂದ ಹುಟ್ಟುವವರು, ಹಾಗಾಗಿ ಇಬ್ಬರೂ ಒಂದೇ ಲಿಂಗದವರಾಗಿರುತ್ತಾರೆ. ಮೂರು ಕಾಲಿನ ಅವಳಿಗಳು ನಿಜವಾಗಿ ಹುಟ್ಟಿದ್ದುಂಟು, ಗಂಡು ಹೆಣ್ಣು ಸೇರಿದ ಅವಳಿ ಇಲ್ಲ. ದತ್ತಾನಿಗೆ ಇದು ಗೊತ್ತಿತ್ತು. ಇಂಥ ಅವಳಿಗಳು ಒಂದೇ ಲಿಂಗದವರಾಗಿರುತ್ತಾರೆಂಬ ಮಾತನ್ನು ನಾಟಕದ ಡಾಕ್ಟರನ ಬಾಯಿಂದಲೇ ಆಡಿಸಿ, ಇವರನ್ನು ಅಪರೂಪದಲ್ಲಿ ಅಪರೂಪ ಎನಿಸಿ ಮುಂದೆ ಹೋಗುತ್ತಾರೆ. ಬೇಕೆಂದೇ ಮಾಡಿದ ಕೆಲಸ ಅದು. ಒಂದೇ ರಕ್ತ, ಒಂದೇ ದೇಹ, ಒಂದೇ ದಿನ ಹುಟ್ಟಿದವರು. ಹೆಣ್ಣು ಗಂಡಿಗಿಂತ ಕಡಿಮೆ ಎನ್ನಲು ಪ್ರಕೃತಿ ಒಂದೂ ಕಾರಣ ಇಟ್ಟಿಲ್ಲ, ಬದಲಿಗೆ ಕಾಲಿನ ರಕ್ತ ಹುಡುಗಿಯ ಕಡೆಗೇ ಇತ್ತು. ಅಂಥಲ್ಲೂ ಮನುಷ್ಯರು ಏನು ಮಾಡಿದರು ಎಂಬುದು ಪ್ರಶ್ನೆ. ಪ್ರೇಕ್ಷಕರಿಗೆ ಕೊಡುವ ಕರಪತ್ರದಲ್ಲಿ ಎರಡು ಸಾಲು ಹಾಕಿಸಿ: ‘ಇದು ನಡೆದ ಘಟನೆಯಲ್ಲ. ವೈದ್ಯಕೀಯವಾಗಿ ಇಂಥ ಗಂಡು ಹೆಣ್ಣಿನ ಅವಳಿ ಹುಟ್ಟುವುದಿಲ್ಲ, ನಾಟಕಕಾರರ ಕಲ್ಪನೆ.’ ಸಹೋದ್ಯೋಗಿಯಿಂದಲೇ ಬರೆಸಿದರೆ ಇನ್ನೂ ಒಳ್ಳೆಯದು. ಈ ಮಾತು ಮೊದಲೇ ಬಂದುಬಿಟ್ಟರೆ ನಾಟಕ ಮುಗಿದ ಮೇಲೆ ಜೀವಶಾಸ್ತ್ರದ ವಾದದಲ್ಲಿ ಹೊತ್ತು ಹೋಗುವುದಿಲ್ಲ.

‘ಮುಂಬೈ ಶ್ರೀಮಂತರ ಕಥೆ’ ಎಂಬ ಆಕ್ಷೇಪಕ್ಕೆ ಬರೋಣ. ಮಗಳನ್ನು ಹಿಂದೆ ತಳ್ಳುವುದು ಓದದವರ, ಬಡವರ ರೋಗ ಎಂಬ ನಂಬಿಕೆ ಓದಿದವರಲ್ಲೇ ಗಟ್ಟಿಯಾಗಿದೆ. ಜನಗಣತಿ ಅದನ್ನು ಒಪ್ಪುವುದಿಲ್ಲ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ದೇಶದಲ್ಲಿ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು, 2001ರಲ್ಲಿ 927, 2011ರಲ್ಲಿ 918. ಸಾಕ್ಷರತೆ, ಆದಾಯ ಏರಿದ ಇಪ್ಪತ್ತು ವರ್ಷ ಅವು, ಸ್ಕ್ಯಾನಿಂಗ್ ಯಂತ್ರ ಊರೂರಿಗೆ ಬಂದ ವರ್ಷಗಳೂ ಹೌದು. 2011ರಲ್ಲಿ ಹರಿಯಾಣದಲ್ಲಿ 834, ಪಂಜಾಬಿನಲ್ಲಿ 846. ಎರಡೂ ಬಡ ರಾಜ್ಯಗಳಲ್ಲ. ತಾರಾಳ ಕಾಲು ಹೋದದ್ದೂ ಬಡತನದಿಂದಲ್ಲ. ಹಣ, ವಶೀಲಿ, ಒಳ್ಳೆಯ ಡಾಕ್ಟರ್ ಮೂರೂ ಇದ್ದದ್ದರಿಂದಲೇ ಹೋಯಿತು.

ನಮ್ಮ ಕಡೆ ಇದರ ರೂಪ ಬೇರೆ. 2011ರ ಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 52ರ ಹತ್ತಿರ, ರಾಜ್ಯದಲ್ಲೇ ಕಡಿಮೆ. ಅಲ್ಲಿಯ ಹೆಣ್ಣುಮಕ್ಕಳದು ಶೇ. 41ರ ಆಸುಪಾಸು. ಎಸ್ಸೆಸ್ಸೆಲ್ಸಿ ಆದ ಮೇಲೆ ಮಗನನ್ನು ಕಲಬುರಗಿಗೋ ಹೈದರಾಬಾದಿಗೋ ಕಳಿಸಿ ಮಗಳಿಗೆ ‘ಊರಾಗ ಇದ್ದಷ್ಟು ಕಲಿ’ ಎನ್ನುವ ಮನೆಗಳು ನಿಮ್ಮ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ನಾಟಕದ ಒಂದು ಸಣ್ಣ ದೃಶ್ಯ ಇದಕ್ಕೆ ನೇರ ತಾಗುತ್ತದೆ. ಪಟೇಲ್ ಮಗನನ್ನು ತನ್ನ ಆಫೀಸಿಗೆ ಬಾ, ಕೆಲಸ ನೋಡು ಎಂದು ಕರೆಯುತ್ತಾನೆ. ಚಂದನ್‌ಗೆ ಮನಸ್ಸಿಲ್ಲ, ತಾರಾಳನ್ನು ಕರಕೊಂಡು ಹೋಗಿ, ಅವಳು ಒಳ್ಳೆಯ ವ್ಯವಹಾರಸ್ಥೆ ಆಗುತ್ತಾಳೆ ಎನ್ನುತ್ತಾನೆ. ಅಪ್ಪನ ತಲೆಗೆ ಆ ಮಾತು ಹೋಗುವುದೇ ಇಲ್ಲ. ಇನ್ನೊಂದು ಕಡೆ, ತಾಯಿಯ ಹೆಣಿಗೆಯ ಉಣ್ಣೆ ಬಿಡಿಸಿಕೊಡುವ ಮಗನನ್ನು ಕಂಡು ಅವನಿಗೆ ಸಿಟ್ಟು ಬರುತ್ತದೆ. ಈ ಎರಡು ದೃಶ್ಯಗಳನ್ನು ಒಂದರ ಹಿಂದೆ ಒಂದು ತಾಲೀಮು ಮಾಡಿಸಿ. ಪಟೇಲ್ ಕೆಟ್ಟವನಲ್ಲ, ಕೂಗಾಡಬೇಕಿಲ್ಲ. ಕೇಳಿಸಲಿಲ್ಲವೇನೋ ಎಂಬಂತೆ ಮುಂದಿನ ಮಾತಿಗೆ ಹೋದರೆ ಸಾಕು, ಸಭಾಂಗಣದಲ್ಲಿ ಕೂತ ಎಷ್ಟೋ ಹೆಣ್ಣುಮಕ್ಕಳಿಗೆ ಎದೆ ಚುರುಕ್ಕೆನ್ನುತ್ತದೆ.

ಆಸ್ತಿಯ ಮಾತೂ ಹೀಗೇ. ಅಜ್ಜ ಹಣ ಬಿಟ್ಟುಹೋದದ್ದು ಚಂದನ್‌ಗೆ, ತಾರಾಳಿಗೆ ಏನಿಲ್ಲ. ಅವರ ಹಣ, ಅವರಿಗೆ ಬೇಕಾದಂತೆ ಮಾಡಿದರು ಎಂದು ಪಟೇಲ್ ಮುಗಿಸುತ್ತಾನೆ. ಇಲ್ಲಿ ಪ್ರೇಕ್ಷಕರಿಂದ ಪ್ರಶ್ನೆ ಬಂದೇ ಬರುತ್ತದೆ, ತಯಾರಾಗಿರಿ. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹುಟ್ಟುಹಕ್ಕಿದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಆದರೆ ಸ್ವಂತ ದುಡಿದ ಆಸ್ತಿಯನ್ನು ಯಾರಿಗಾದರೂ ಉಯಿಲು ಬರೆಯಬಹುದು, ತಾರಾಳ ಅಜ್ಜ ಇಂದೂ ಹಾಗೆ ಮಾಡಬಲ್ಲ. ಹಕ್ಕಿದ್ದರೂ ನಮ್ಮಲ್ಲಿ ಆಗುವುದು ಬೇರೆಯೇ: ಅಣ್ಣತಮ್ಮಂದಿರು ಸೀರೆ ಕುಪ್ಪಸ ಕೊಟ್ಟು, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ತವರಿನ ಬಾಗಿಲು ಮುಚ್ಚೀತೆಂದು ಅಕ್ಕತಂಗಿಯರು ಹಾಕುತ್ತಾರೆ. ಅಲ್ಲೂ ದ್ವೇಷ ಇರುವುದಿಲ್ಲ. ಹಬ್ಬಕ್ಕೆ ಕರೆಯುತ್ತಾರೆ, ಉಡಿ ತುಂಬುತ್ತಾರೆ.

ಭಾಷೆಯ ವಿಷಯದಲ್ಲಿ ಎರಡು ಎಚ್ಚರಿಕೆ. ಮನೆಯವರೆಲ್ಲ ಕಲಬುರಗಿ ಕನ್ನಡ ಆಡಲಿ, ಡಾಕ್ಟರ್ ಮತ್ತು ಡ್ಯಾನ್ ಪುಸ್ತಕದ ಕನ್ನಡ ಆಡಲಿ. ಅಮ್ಮನಿಗೆ ಮಾತ್ರ ಆಡುಮಾತು ಕೊಟ್ಟು ಅಪ್ಪನಿಗೆ ಗ್ರಾಂಥಿಕ ಕೊಟ್ಟರೆ ತಪ್ಪು ಮಾಡುವವಳು ಹಳ್ಳಿಯ ಹೆಂಗಸು ಎಂಬ ಅರ್ಥ ಹೊಮ್ಮುತ್ತದೆ. ಇನ್ನೊಂದು, ನಮ್ಮ ಮಾತನ್ನು ಟಿವಿಯಲ್ಲಿ ನಗಿಸಲಿಕ್ಕೆ ಬಳಸಿ ಬಳಸಿ, ರಂಗದ ಮೇಲೆ ‘ಯಾಕವ್ವಾ’ ಎಂದ ಕೂಡಲೇ ಜನ ನಗಲು ಸಿದ್ಧರಿರುತ್ತಾರೆ. ನಟಿಗೆ ಎಳೆದಾಡದೆ, ಮನೆಯಲ್ಲಿ ಆಡುವ ವೇಗದಲ್ಲೇ ಆಡಲು ಹೇಳಿ. ‘ಒಂದ್ ಗುಟುಕರೆ ಕುಡಿ ನನ್ನವ್ವಾ, ಕೆನಿ ತಗದೀನಿ’ ಎಂಬಂಥ ಮಾತನ್ನು ಮಗಳ ಮುಖ ನೋಡದೆ, ಕೈಯಲ್ಲಿನ ಸ್ಟೀಲ್ ಗ್ಲಾಸ್ ನೋಡುತ್ತ ಹೇಳಿದರೆ ನಗು ಬರುವುದಿಲ್ಲ.

ಆ ಗ್ಲಾಸನ್ನು ನೆನಪಿಟ್ಟುಕೊಳ್ಳಿ. ಹಿಂದೆ ಗುಜರಾತಿ ಪಟೇಲ್ ಸಮುದಾಯದಲ್ಲಿ ಹೆಣ್ಣು ಕೂಸನ್ನು ಹಾಲಿನಲ್ಲಿ ಮುಳುಗಿಸುತ್ತಿದ್ದರು, ಕೇಳಿದವರಿಗೆ ಹಾಲು ಕುಡಿಯುವಾಗ ಉಸಿರು ಕಟ್ಟಿತು ಎನ್ನುತ್ತಿದ್ದರು ಎಂದು ರೂಪಾ ತಾರಾಳಿಗೆ ಹೇಳುವ ಮಾತು ನಾಟಕದಲ್ಲಿದೆ. ತಾಯಿ ಪ್ರೀತಿಯಿಂದ ಒತ್ತಾಯಿಸುವುದೂ ಹಾಲು, ಕೊಂದದ್ದೂ ಹಾಲು. ರೂಪಾ ಈ ಮಾತು ಹೇಳುವಾಗ ಅರ್ಧ ಕುಡಿದ ಅದೇ ಗ್ಲಾಸ್ ಪ್ರೇಕ್ಷಕರಿಗೆ ಕಾಣುವಂತೆ ಮೇಜಿನ ಮೇಲೆ ಇರಲಿ, ಯಾರೂ ಮುಟ್ಟದಿರಲಿ. ಪಟೇಲರ ಹೆಸರನ್ನಾಗಲಿ ಪದ್ಧತಿಯನ್ನಾಗಲಿ ಬದಲಿಸಿ ಇಲ್ಲಿಯ ಯಾವುದೋ ಸಮುದಾಯಕ್ಕೆ ಹಚ್ಚಬೇಡಿ. ಅದು ಸುಳ್ಳೂ ಆಗುತ್ತದೆ, ಊರಲ್ಲಿ ಜಗಳಕ್ಕೂ ದಾರಿ.

ನಡಿಗೆಯ ವಿಷಯ ನೀವು ಅಂಜಿದ್ದು ನ್ಯಾಯವೇ. ತಾರಾ, ಚಂದನ್ ಇಬ್ಬರೂ ಕುಂಟುತ್ತಾರೆ, ಬೇರೆ ಬೇರೆ ಕಾಲಿನ ಮೇಲೆ. ನಾಟಕದಲ್ಲಿ ಬರುವುದು ಜೈಪುರ ಕಾಲು. ಹುಡುಗರು ಕುಂಟು ಎಂದ ಕೂಡಲೇ ಸೊಂಟ ಕುಣಿಸಿ ಕಾಲು ಎಳೆಯುತ್ತಾರೆ, ನಗು ಬರುವುದು ಅಲ್ಲಿ. ಕೃತಕ ಕಾಲು ಹಾಕಿದವರು ಕುಂಟದಿರಲು ಪ್ರಯತ್ನಿಸುತ್ತಿರುತ್ತಾರೆ ಎಂಬುದನ್ನು ಮೊದಲು ತಿಳಿಸಿ. ಆ ಕಡೆಯ ಹೆಜ್ಜೆ ಎತ್ತುವಾಗ ಸೊಂಟದ ಆ ಬದಿ ಸ್ವಲ್ಪ ಮೇಲೇಳುತ್ತದೆ, ಮಂಡಿ ಕಡಿಮೆ ಮಡಚುತ್ತದೆ, ಒಳ್ಳೆಯ ಕಾಲಿನ ಮೇಲೆ ಭಾರ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ. ಅಷ್ಟೇ ಸಾಕು. ಅಭ್ಯಾಸಕ್ಕೆ ಮಂಡಿಯ ಹಿಂದೆ ತೆಳು ಫೋಮ್ ಪಟ್ಟಿ ಇಟ್ಟು ಕ್ರೇಪ್ ಬ್ಯಾಂಡೇಜ್ ಸಡಿಲವಾಗಿ ಸುತ್ತಿ, ಒಂದು ಬಾರಿಗೆ ಹದಿನೈದು ಇಪ್ಪತ್ತು ನಿಮಿಷ ಮಾತ್ರ. ಬೆರಳು ಜುಮ್ಮೆಂದರೆ, ಬಣ್ಣ ತಿರುಗಿದರೆ ಕೂಡಲೇ ಬಿಚ್ಚಿ. ಕಾಲನ್ನು ಹಿಂದಕ್ಕೆ ಮಡಚಿ ತೊಡೆಗೆ ಕಟ್ಟುವುದು ಎಂದೂ ಬೇಡ, ರಕ್ತ ಓಡಾಟ ನಿಲ್ಲುತ್ತದೆ. ಎರಡು ವಾರ ಹೀಗೆ ಮಾಡಿದರೆ ಬ್ಯಾಂಡೇಜ್ ಇಲ್ಲದೆ ದೇಹಕ್ಕೆ ನಡಿಗೆ ಬಂದಿರುತ್ತದೆ. ಬೆನ್ನು, ಸೊಂಟ ನೋವು ಬರುವುದು ಸಹಜ, ತಾಲೀಮು ಮುಗಿದ ಮೇಲೆ ಎರಡೂ ಕಡೆ ಸಮನಾಗಿ ನಡೆಸಿ, ಸ್ನಾಯು ಎಳೆಸಿ. ಕೃತಕ ಕಾಲು ಬಳಸುವವರೊಬ್ಬರನ್ನು ಮರ್ಯಾದೆಯಿಂದ, ಸಂಭಾವನೆ ಕೊಟ್ಟು ಕರೆದು ತೋರಿಸಿಕೊಳ್ಳಲು ಆದರೆ ಅದಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ. ಅವರೆದುರಿಗೆ ಆಡಲು ನಾಚಿಕೆಯಾಗುವಂಥದ್ದೇನಿದ್ದರೂ ಅದನ್ನು ತೆಗೆದುಹಾಕಿ.

ಮನೆಯಲ್ಲಿ ಒಪ್ಪದ ಆ ಇಬ್ಬರು ಹುಡುಗಿಯರು. ‘ನಮ್ಮ ಹುಡುಗಿ ನಾಟಕದಾಗ ಬ್ಯಾಡ್ರಿ ಮೇಡಂ, ಮಂದಿ ಏನಂತಾರ’ ಎಂಬುದರ ಹಿಂದೆ ಹೆಚ್ಚಿನ ಸಲ ಇರುವುದು ನಾಟಕದ ವಿಷಯವಲ್ಲ, ಹೊತ್ತು. ಬಸ್ಸಿನ ಖರ್ಚು ಈಗ ಅಡ್ಡಿಯಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಅಡ್ಡಿ ಇರುವುದು ಕತ್ತಲಾಗುವ ಮೊದಲು ಸಿಗುವ ಬಸ್ಸು, ಇಳಿದ ಮೇಲೆ ಊರೊಳಗಿನ ದಾರಿ. ಸಂಜೆ ಐದರಿಂದ ಎಂಟರ ತನಕ ತಾಲೀಮು ಇಟ್ಟರೆ ಹಳ್ಳಿಯ ಹುಡುಗಿಯರು ತಾವಾಗಿಯೇ ಉದುರಿಹೋಗುತ್ತಾರೆ, ಉಳಿಯುವವರು ಹುಡುಗರು ಮತ್ತು ಪಟ್ಟಣದ ಒಬ್ಬಿಬ್ಬರು. ಮಗಳಿಗೆ ಆಗುವ ತಾರತಮ್ಯದ ಬಗ್ಗೆ ನಾಟಕ ಕಟ್ಟುತ್ತ ಅದನ್ನೇ ನಾವು ಮಾಡಿದಂತಾಯಿತು. ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ ಎಂದು ಗೊತ್ತುಮಾಡಿ, ಆರು ವಾರ. ಯಾರಿಗೆ ಯಾವ ಬಸ್ಸು ಎಂದು ಪಟ್ಟಿ ಬರೆದಿಟ್ಟುಕೊಳ್ಳಿ. ಏಳು ಪಾತ್ರಗಳಲ್ಲಿ ಮೂರು ಹೆಣ್ಣು: ತಾರಾ, ಭಾರತಿ, ರೂಪಾ. ಪ್ರತಿಯೊಂದಕ್ಕೂ ಇಬ್ಬರನ್ನು ತಯಾರು ಮಾಡಿ. ನಡುವೆ ಒಬ್ಬಳಿಗೆ ಮದುವೆ ಗೊತ್ತಾಗಿಯೋ, ಬೇರೆ ಕಾರಣಕ್ಕೋ ಬರುವುದು ನಿಂತರೆ ನಾಟಕ ನಿಲ್ಲಬಾರದು. ಪಾಲಕರ ಹತ್ತಿರ ಫೋನಿನಲ್ಲಿ ಮಾತು ಬೇಡ, ತಾಯಿಯನ್ನೇ ಒಂದು ಮಧ್ಯಾಹ್ನ ತಾಲೀಮಿಗೆ ಕರೆಯಿರಿ. ಕೂತು ನೋಡಿದ ತಾಯಂದಿರು ಬಹಳ ಸಲ ತಾವೇ ಮನೆಯಲ್ಲಿ ಮಾತಾಡಿ ಒಪ್ಪಿಸುತ್ತಾರೆ. ಆದರೂ ಒಪ್ಪದಿದ್ದರೆ ಹುಡುಗಿಯನ್ನು ಮನೆಯವರ ವಿರುದ್ಧ ನಿಲ್ಲಿಸಬೇಡಿ, ಅನುವಾದ, ಬೆಳಕು, ಪ್ರಾಂಪ್ಟಿಂಗ್‌ಗೆ ಅವಳಿರಲಿ.

ತಾಲೀಮಿನಲ್ಲಿ ಯಾರಾದರೂ ಅತ್ತರೆ, ತನ್ನ ಮನೆಯ ಮಾತು ಹೇಳತೊಡಗಿದರೆ, ಎಲ್ಲರೆದುರು ಹೇಳಿಸಬೇಡಿ. ನಾಟಕಕ್ಕೆ ಬೇಕಾದ ಭಾವ ಅದರಿಂದ ಬರುತ್ತದೆಂಬುದು ತಪ್ಪು ತಿಳುವಳಿಕೆ. ಒಬ್ಬ ಮಹಿಳಾ ಅಧ್ಯಾಪಕಿ ಪಕ್ಕಕ್ಕೆ ಕರೆದು ಕೇಳಲಿ. ಹದಿನೆಂಟು ತುಂಬದ ತಂಗಿಯ ಮದುವೆಯ ಮಾತು ಬಂದರೆ ಮಕ್ಕಳ ಸಹಾಯವಾಣಿ 1098, ಹೆಂಗಸರ ಮೇಲಿನ ಹಿಂಸೆಯ ಮಾತಾದರೆ ಮಹಿಳಾ ಸಹಾಯವಾಣಿ 181. ನಾಟಕ ಮುಗಿದ ಮೇಲೆ ಚರ್ಚೆ ಇಟ್ಟರೂ ಇದೇ ನಿಯಮ: ಪ್ರಶ್ನೆ ಪಾತ್ರಗಳ ಬಗ್ಗೆ ಇರಲಿ, ‘ನಿಮ್ಮ ಮನೆಯಲ್ಲಿ ಹೇಗೆ’ ಎಂದು ಕೈ ಎತ್ತಿಸುವುದು ಬೇಡ.

ಇನ್ನು ಯಾವ ರೂಪದಲ್ಲಿ ಆಡಿಸುವುದು. ಪೂರ್ತಿ ನಾಟಕ ಎರಡು ತಾಸಿನ ಹತ್ತಿರದ್ದು, ವಾರ್ಷಿಕೋತ್ಸವದ ಗದ್ದಲದಲ್ಲಿ ನೃತ್ಯಗಳ ನಡುವೆ ಅದು ಉಳಿಯಲಾರದು. ಒಂದು ತಾಸಿಗೆ ಇಳಿಸಿದರೆ ರೂಪಾಳ ಸಿನಿಮಾ ಹರಟೆ, ಹಾಸ್ಯದ ಮಾತುಗಳನ್ನು ಕಡಿಮೆ ಮಾಡಬಹುದು. ಆದರೆ ಆಫೀಸಿನ ಮಾತು, ಹೆಣಿಗೆ, ಹಾಲಿನ ಕಥೆ, ಕಿಡ್ನಿಯ ಜಗಳ, ಪಟೇಲ್ ಸತ್ಯ ಹೇಳುವುದು, ಡಾಕ್ಟರನ ಸಂದರ್ಶನ ಇವು ಹೋದರೆ ಉಳಿಯುವುದು ಕಣ್ಣೀರಿನ ಕಥೆ ಮಾತ್ರ. ನನ್ನ ಸಲಹೆ, ಮೊದಲು ರಂಗವಾಚನ ಮಾಡಿ. ಏಳು ಸ್ಟೂಲು, ಕೈಯಲ್ಲಿ ಹಾಳೆ, ಗ್ರಂಥಾಲಯದ ಹಾಲ್, ಎಪ್ಪತ್ತು ಎಂಬತ್ತು ಜನ. ಮೂರು ವಾರದ ತಯಾರಿ ಸಾಕು, ಖರ್ಚಿಲ್ಲ, ನಡಿಗೆಯ ತೊಂದರೆ ಇಲ್ಲ, ಪಾಲಕರ ಅಂಜಿಕೆಯೂ ಕಡಿಮೆ. ಅದರಲ್ಲಿ ಕೊರತೆ ಎಂದರೆ ಕುರ್ಚಿಯ ಮೇಲಿನ ಡಾಕ್ಟರ್, ಕೆಳಗಿನ ಮನೆ ಎಂಬ ನೋಟ ಸಿಗುವುದಿಲ್ಲ. ವಾಚನ ಚೆನ್ನಾಗಿ ಹತ್ತಿದರೆ ಮುಂದಿನ ಸೆಮಿಸ್ಟರಿನಲ್ಲಿ ಪೂರ್ಣ ಪ್ರಯೋಗಕ್ಕೆ ಹೋಗಿ.

ಮಕ್ಕಳೇ ಸ್ವಂತ ನಾಟಕ ಬರೆಯುತ್ತೇವೆಂದರೆ ಖುಷಿಯ ವಿಷಯ. ಆದರೆ ಅಂಥ ನಾಟಕಗಳಲ್ಲಿ ಸಾಮಾನ್ಯವಾಗಿ ಒಬ್ಬ ಕೆಟ್ಟ ಅತ್ತೆ, ಒಬ್ಬ ಕುಡುಕ ಅಪ್ಪ, ಕೊನೆಗೊಬ್ಬ ಪೊಲೀಸ್ ಅಧಿಕಾರಿಣಿ ಬಂದುಬಿಡುತ್ತಾರೆ. ಇನ್ನೊಂದು ದಾರಿ ಮಹೇಶ ಎಲಕುಂಚವಾರರ ಮರಾಠಿ ನಾಟಕ ‘ವಾಡಾ ಚಿರೇಬಂದಿ’. ವಿದರ್ಭದ ದೇಶಪಾಂಡೆ ಮನೆತನದ ಕುಸಿಯುವ ವಾಡೆ. ಅಲ್ಲಿ ಪ್ರಭಾ ಎಂಬ ಮಗಳಿದ್ದಾಳೆ, ಓದಬೇಕೆಂದು ಹಂಬಲಿಸಿದವಳು, ತಂದೆ ಕಳಿಸಲಿಲ್ಲ, ಮನೆಯಲ್ಲೇ ವಯಸ್ಸು ಕಳೆದಳು. ಆಳಂದ, ಬಸವಕಲ್ಯಾಣ, ಭಾಲ್ಕಿ ಕಡೆಯ ಪ್ರೇಕ್ಷಕರಿಗೆ ಆ ವಾಡೆಯ ಕಂಬ ಕಂಬವೂ ಗುರುತು ಸಿಗುತ್ತದೆ, ಮರಾಠಿ ಬಲ್ಲ ವಿದ್ಯಾರ್ಥಿಗಳೂ ನಿಮಗೆ ಸಿಗುತ್ತಾರೆ. ಆದರೆ ಪಾತ್ರಗಳು ಹೆಚ್ಚು, ನಟನೆ ಇನ್ನೂ ಕಷ್ಟ. ಹೊಸಬರಿಗೆ ‘ತಾರಾ’ ವಾಸಿ.

ಕೊನೆಯದಾಗಿ ಹಕ್ಕುಗಳು. ಇದನ್ನು ಕೊನೆಗೆ ಹೇಳಿದೆನಾದರೂ ನೀವು ಮೊದಲು ಮಾಡಬೇಕಾದ ಕೆಲಸ ಇದೇ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಾಲೇಜಿನ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಕಾಲೇಜಿನ ಚಟುವಟಿಕೆಯಾಗಿ ನಾಟಕ ಆಡಿ, ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರಷ್ಟೇ ಆಗಿದ್ದರೆ ವಿನಾಯಿತಿ ಕೊಡುತ್ತದೆ. ವಿನಾಯಿತಿ ಪ್ರದರ್ಶನಕ್ಕೆ. ಅನುವಾದ, ರೂಪಾಂತರ ಬೇರೆ ಹಕ್ಕು, ಅದಕ್ಕೆ ಲೇಖಕರ ಒಪ್ಪಿಗೆ ಬೇಕು. ಊರವರಿಗೆಲ್ಲ ಬಾಗಿಲು ತೆರೆದರೆ, ಸ್ಪರ್ಧೆಗೆ ಒಯ್ದರೆ, ಟಿಕೆಟ್ ಇಟ್ಟರೆ ಈ ವಿನಾಯಿತಿಯನ್ನು ನೆಚ್ಚುವಂತಿಲ್ಲ, ಪ್ರದರ್ಶನದ ಅನುಮತಿಯನ್ನೂ ಕೇಳಿಕೊಳ್ಳಿ. ಯೂಟ್ಯೂಬಿಗೆ ಹಾಕುವುದಂತೂ ಕೇಳದೆ ಬೇಡವೇ ಬೇಡ, ವಿದ್ಯಾರ್ಥಿನಿಯರ ಮನೆಯವರ ದೃಷ್ಟಿಯಿಂದಲೂ. ಪ್ರಕಾಶಕರ ಮೂಲಕ ಲೇಖಕರಿಗೆ ಪ್ರಾಂಶುಪಾಲರ ಸಹಿಯ ಪತ್ರ ಹೋಗಲಿ. ಅದರಲ್ಲಿ ಯಾವ ಭಾಷೆ, ಎಷ್ಟು ನಿಮಿಷ, ಏನೇನು ಕತ್ತರಿಸುತ್ತೀರಿ, ಎಷ್ಟು ಪ್ರದರ್ಶನ, ಎಲ್ಲಿ, ಎಷ್ಟು ಜನ, ಟಿಕೆಟ್ ಇದೆಯೋ ಇಲ್ಲವೋ, ಚಿತ್ರೀಕರಣ ಇದೆಯೋ ಇಲ್ಲವೋ ಎಂಬುದೆಲ್ಲ ಸ್ಪಷ್ಟವಾಗಿರಲಿ. ಉತ್ತರಕ್ಕೆ ಕನಿಷ್ಠ ಎರಡು ತಿಂಗಳು ಹಿಡಿಯಿರಿ. ಅದು ಬರುವ ತನಕ ಮೂಲ ಇಂಗ್ಲಿಷಿನಲ್ಲೇ ತರಗತಿಯ ವಾಚನ ನಡೆಯಲಿ, ಪಟೇಲ್ ಸತ್ಯ ಹೇಳುವ ದೃಶ್ಯದಿಂದ ಶುರುಮಾಡಿ.